ಒಂಬತ್ತನೇ ಕಾಲಮ್ಮಲ್ಲಿ ಅಪ್ಪ, ಹನ್ನೊಂದನೇ ಕಾಲಮ್ಮಲ್ಲಿ ಸರ್ಕಾರ

ಪಹಣಿ, ಅಂದ್ರೆ ಜಮೀನಿನ ಹಕ್ಕುದಾಖಲೆ, ತೆಗ್ಸಿ ಅಭ್ಯಾಸ ಇರೋರಿಗೆ ಹೇಳ್ಬೇಕಾಗಿಲ್ಲ, ಇಲ್ಲದೋರಿಗೆ ಹೇಳ್ತೀನಿ. 9ನೇ ಕಾಲಮ್ಮಲ್ಲಿ ಜಮೀನು ಯಾರ ಹೆಸರಲ್ಲಿದೆ ಅಂತ ಇರುತ್ತೆ, 10ರಲ್ಲಿ ಅವರಿಗೆ ಅದು ಹೆಂಗೆ ಬಂತು ಅಂತ, 11ರಲ್ಲಿ ಅದರ ಮೇಲೆ ಬೇರೆ ಯಾರ ಹಕ್ಕಿದೆ, ಯಾವ ಋಣ ಇದೆ ಅಂತ. ನಮ್ಮ ಜಮೀನಿನ 11ನೇ ಕಾಲಮ್ಮಲ್ಲಿ ನಾನು ಕಂಡಂಗೆ ಸೊಸೈಟಿ ಸಾಲದ ಬೋಜ ಬಿಟ್ರೆ ಇನ್ನೇನೂ ಇರ್ಲಿಲ್ಲ. ಈಗ ಅಲ್ಲಿ ಸರ್ಕಾರದ ಒಂದು ಸಂಸ್ಥೆ ಹೆಸರು, ಭೂಸ್ವಾಧೀನದ ಅಧಿಸೂಚನೆ ನಂಬರು, ತಾರೀಖು ಕೂತಿದೆ. ಕೂತು ಎಷ್ಟೋ ವರ್ಷ ಆಯ್ತು. 9ರಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಅಂದ್ರೆ ಕಂದಾಯ ಕಟ್ಟೋದು ಅಪ್ಪ, ಕಳೆ ತೆಗ್ಸೋದು ಅಪ್ಪ, ಆದ್ರೆ ಅಲ್ಲೊಂದು ಕೊಟ್ಟಿಗೆ ಕಟ್ಬೇಕು ಅಂದ್ರೂ ನಾಲ್ಕು ಜನ ಬಂದು "ಯಾಕ್ ಸುಮ್ನೆ ದುಡ್ ಹಾಕ್ತೀಯ ಯಜಮಾನ, ಹೋಗೋ ಜಮೀನು" ಅಂತಾರೆ.

ನಮಗೆ ಈ ವಿಷಯ ಗೊತ್ತಾಗಿದ್ದು ನೋಟಿಸ್‌ನಿಂದ ಅಲ್ಲ, ಬ್ಯಾಂಕಿಂದ. ನನ್ನ ತಮ್ಮ ಡ್ರಿಪ್ ಹಾಕ್ಸೋಕೆ ಸಾಲ ಕೇಳೋಕೆ ಹೋಗಿದ್ದ, ಅಲ್ಲಿಂದಾನೇ ಫೋನ್ ಮಾಡ್ದ.

"ಅಕ್ಕ, ನಮ್ಮ ಜಮೀನು ಹೋಗಿದ್ಯಂತೆ ಕಣಕ್ಕ."

"ಎಲ್ಲಿಗೋ ಹೋಗುತ್ತೆ?"

"ಗೊತ್ತಿಲ್ಲ. ಮ್ಯಾನೇಜರ್ರು ಪಹಣಿ ತೋರಿಸ್ತಾವ್ರೆ. ನಮ್ದು, ಪಕ್ಕದ್ದು, ಕೆರೆ ಕೆಳಗಿಂದು ಎಲ್ಲಾ ಅಂತೆ."

ನೋಟಿಸ್ ಕೊಟ್ಟಿದ್ರು ಅಂತ ಆಮೇಲೆ ಫೈಲಲ್ಲಿ ಗೊತ್ತಾಯ್ತು, ಯಾರ ಹೆಸರಿಗೆ ಅಂತೀರಾ, ತೀರ್ಕೊಂಡು ಎಷ್ಟೋ ಕಾಲ ಆಗಿದ್ದ ನಮ್ಮ ತಾತನ ಹೆಸರಿಗೆ. ಒಂದು ಹಿಸ್ಸಾಗೆ (ಜಮೀನಿನ ಒಂದು ತುಂಡಿಗೆ) ಪೌತಿ ಖಾತೆ, ಅಂದ್ರೆ ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರ್ಲಿಲ್ಲ, ಅದಕ್ಕೆ. ಹಳ್ಳೀಲಿ ಅರ್ಧ ಜಮೀನಿನ ಕತೆ ಇದೇನೇ, ಹಂಗಾಗಿ ಅದನ್ನ ಇಲ್ಲಿ ಎಳೆಯೋದಿಲ್ಲ.

ಇದನ್ನ ಬರೀಬೇಕು ಅನ್ಸಿದ್ದು ಯಾಕಂದ್ರೆ, ಭೂಸ್ವಾಧೀನ ಅಂದ ತಕ್ಷಣ ಆಫೀಸಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಎಕರೆಗೆ ಎಷ್ಟು ಕೊಡ್ತಾರೆ?" ಅಂತ. ಕೆಲವರು ಇನ್ನೂ ಮುಂದೆ ಹೋಗಿ "ಲಕ್ ಕಣ್ರೀ ನಿಮ್ದು, ಕೋಟಿ ಕೋಟಿ" ಅಂತಾರೆ. ಟಿವಿ ಚರ್ಚೆನೂ ಅಷ್ಟೇ, ಪರಿಹಾರ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ, ರೈತರು ಒಪ್ಪಿದ್ರಾ ಬಿಟ್ರಾ. ನನಗೆ ಬರಬರ್ತಾ ಅನ್ಸಿದ್ದು, ಏಟು ಬೀಳೋದು ಜಮೀನು ಹೋದ ದಿನ ಅಲ್ಲ, ದುಡ್ಡು ಕಮ್ಮಿ ಬಂದ ದಿನಾನೂ ಅಲ್ಲ. ಮೊದಲ ಅಧಿಸೂಚನೆ ಹೊರಡಿಸಿಬಿಟ್ಟು ಸರ್ಕಾರ ಸುಮ್ನೆ ಕೂತ್ಕೊಳ್ಳುತ್ತಲ್ಲ, ಆ ಮಧ್ಯದ ಕಾಲದಲ್ಲಿ. ನಿಶ್ಚಿತಾರ್ಥ ಮಾಡ್ಕೊಂಡು ಹೋಗಿ ಮದುವೆ ದಿನಾನೂ ಹೇಳದೆ, ಬೇಡ ಅಂತಾನೂ ಹೇಳದೆ ಪತ್ತೆನೇ ಇಲ್ಲದ ಗಂಡಿನ ಕಡೆಯೋರ ಥರ. ಹುಡುಗಿಗೆ ಬೇರೆ ಕಡೆ ನೋಡೋ ಹಂಗೂ ಇಲ್ಲ.

ಆ ಮಧ್ಯದ ಕಾಲದಲ್ಲಿ ಏನೇನು ನಿಲ್ಲುತ್ತೆ ನೋಡಿ. ಬ್ಯಾಂಕ್ ಸಾಲ ನಿಲ್ಲುತ್ತೆ, ಕೊಟ್ರೂ ಬೆಳೆ ಸಾಲ ಅಷ್ಟೇ, ದೊಡ್ಡದಕ್ಕೆ ಮ್ಯಾನೇಜರ್ ಕೈಯೆತ್ತಿಬಿಡ್ತಾರೆ. ಮಾರೋಕಾಗಲ್ಲ, ಮಾರಿದ್ರೂ ಆ ಮಾರಾಟ ಸರ್ಕಾರದ ಮುಂದೆ ನಿಲ್ಲಲ್ಲ. ಅಣ್ಣತಮ್ಮಂದಿರು ಭಾಗ ಮಾಡ್ಕೊಂಡು ಪೋಡಿ, ಅಂದ್ರೆ ಅಳತೆ ಮಾಡಿ ಬೇರೆ ಬೇರೆ ನಂಬರ್, ಮಾಡ್ಸೋಣ ಅಂದ್ರೆ "ಈಗ್ಯಾಕೆ, ಆಮೇಲೆ ನೋಡೋಣ" ಅಂತ ಸರ್ವೆಯೋರೇ ವಾಪಸ್ ಕಳಿಸ್ತಾರೆ. ಬೋರ್‌ವೆಲ್ ಬತ್ತಿದ್ರೆ ಇನ್ನೊಂದು ಕೊರೆಸೋಕೆ ಧೈರ್ಯ ಬರಲ್ಲ. ಅಪ್ಪಂಗೆ ಹಳೇ ಮಾವಿನ ಮರ ತೆಗ್ದು ಹೊಸ ಸಸಿ ಹಾಕೋ ಆಸೆ ಇತ್ತು, ಕಸಿ ಸಸಿ ಫಲಕ್ಕೆ ಬರೋಕೇ ನಾಲ್ಕೈದು ವರ್ಷ ಬೇಕು, ಅಷ್ಟು ದಿನ ಜಮೀನು ನಮ್ಮ ಹತ್ರ ಇರುತ್ತೋ ಇಲ್ವೋ ಗೊತ್ತಿಲ್ಲ ಅಂತ ಹಾಕ್ಲಿಲ್ಲ, ಈಗ ಲೆಕ್ಕ ಹಾಕಿದ್ರೆ ಅವತ್ತೇ ಹಾಕಿದ್ದಿದ್ರೆ ಎಷ್ಟೋ ಫಸಲು ಕಿತ್ಕೋಬಹುದಾಗಿತ್ತು. ಹೀಗೆ ಹಾಕದೇ ಉಳಿದ ಮರಕ್ಕೆ, ಕೊರೆಸದ ಬೋರಿಗೆ, ಕಟ್ಟದ ಮನೆಗೆ ಯಾವ ಕಾಯ್ದೆಯಲ್ಲೂ ಪರಿಹಾರ ಇಲ್ಲ. ಇರೋ ಮರಕ್ಕೆ ತೋಟಗಾರಿಕೆ ಇಲಾಖೆಯೋರು ಬೆಲೆ ಕಟ್ತಾರೆ, ಕಟ್ಟಡಕ್ಕೆ ಪಿಡಬ್ಲ್ಯುಡಿಯೋರು ಕಟ್ತಾರೆ. ಇಲ್ಲದ ಮರಕ್ಕೆ ಯಾರು ಕಟ್ತಾರೆ?

ಇನ್ನು ಹುಡುಗರ ಮದುವೆ ವಿಷ್ಯ. ಮೊದ್ಲೇ ವ್ಯವಸಾಯ ಮಾಡೋ ಹುಡುಗ ಅಂದ್ರೆ ಹೆಣ್ಣು ಕೊಡಲ್ಲ ಈಗ, ಅದರ ಮೇಲೆ ಜಮೀನು ನೋಟಿಫಿಕೇಷನ್ನಲ್ಲಿದೆ ಅಂದ್ರೆ ಮುಗೀತು. ಇದನ್ನ ತಮ್ಮ ನಗ್ತಾ ಹೇಳ್ತಾನೆ, ನಾನು ನಗ್ತೀನಿ, ಅಮ್ಮ ನಗಲ್ಲ.

ಇದೇ ಸಮಯಕ್ಕೆ ಬ್ರೋಕರ್‌ಗಳು ಬರ್ತಾರೆ. ಈ ಭಾಗ ಯಾರೂ ಸರಿಯಾಗಿ ಬರೆಯಲ್ಲ. ಬಿಳಿ ಶರ್ಟು, ಬಿಳಿ ಇನ್ನೋವಾ, "ನಿಮ್ಮ ಜಮೀನು ಹೆಂಗಿದ್ರೂ ಸರ್ಕಾರಕ್ಕೆ ಹೋಗೋದೇ ಅಣ್ಣ, ಯಾವತ್ತು ದುಡ್ಡು ಬರುತ್ತೋ ಆ ದೇವ್ರಿಗೇ ಗೊತ್ತು, ಈಗ್ಲೇ ಇಷ್ಟು ತಗೊಂಡು ಅಗ್ರಿಮೆಂಟು, ಜಿಪಿಎ ಮಾಡ್ಕೊಡಿ, ರಿಸ್ಕ್ ನಮ್ದು" ಅಂತಾರೆ. ಜಿಪಿಎ ಅಂದ್ರೆ ನಮ್ಮ ಪರವಾಗಿ ಜಮೀನು ವ್ಯವಹಾರ ಮಾಡೋಕೆ ಕೊಡೋ ಅಧಿಕಾರಪತ್ರ. ಮಗಳ ಮದುವೆ ಇರೋರು, ಆಸ್ಪತ್ರೆ ಖರ್ಚಿರೋರು ಮಾಡ್ಕೊಡ್ತಾರೆ, ಬಯ್ಯೋ ಹಂಗಿಲ್ಲ. ಸ್ವಲ್ಪ ವರ್ಷ ಆದ್ಮೇಲೆ ನೋಡಿದ್ರೆ ಅದೇ ಸರ್ವೆ ನಂಬರು ಡಿನೋಟಿಫೈ ಆಗಿರುತ್ತೆ, ಅಂದ್ರೆ ಅಧಿಸೂಚನೆಯಿಂದ ಕೈಬಿಟ್ಟಿರ್ತಾರೆ, ಲೇಔಟ್ ಆಗಿರುತ್ತೆ. ಪಕ್ಕದ ನಂಬರಿನೋರು ಹಂಗೇ ಬಾಯ್ ಬಿಟ್ಕೊಂಡು ಕೂತಿರ್ತಾರೆ. ಕಾಯೋಕೆ ಶಕ್ತಿ ಇರೋನಿಗೆ ಈ ಅಧಿಸೂಚನೆ ಅನ್ನೋದು ಒಳ್ಳೇ ವ್ಯಾಪಾರ. ಅದು ತಾನಾಗೇ ಬೆಲೆ ಇಳಿಸಿಕೊಡುತ್ತೆ, ಪೈಪೋಟಿ ಇಲ್ದಂಗೆ ಮಾಡಿಕೊಡುತ್ತೆ. ನನ್ನ ಪ್ರಕಾರ ಬೆಂಗಳೂರು ಸುತ್ತಮುತ್ತ ಭೂಸ್ವಾಧೀನ ಅನ್ನೋದು ಅರ್ಧ ಅಭಿವೃದ್ಧಿ ಯೋಜನೆ, ಇನ್ನರ್ಧ ಈ ವ್ಯಾಪಾರ.

ಹಂಗಾದ್ರೆ ಕಾಯ್ದೆಯಲ್ಲಿ ಗಡುವು ಅಂತ ಇಲ್ವಾ ಅಂದ್ರೆ, ಇದೆ, ಆದ್ರೆ ಯಾವ ಕಾಯ್ದೆ ಅನ್ನೋದರ ಮೇಲೆ. ಬ್ರಿಟಿಷರ ಕಾಲದ 1894ರ ಕಾಯ್ದೆ ಇತ್ತಲ್ಲ, ಅದು ಕೆಟ್ಟದ್ದು ಅಂತ ಎಲ್ಲರೂ ಬೈದ್ರು, ಅದರಲ್ಲೂ 1984ರ ತಿದ್ದುಪಡಿ ಆದ್ಮೇಲೆ ಅಂತಿಮ ಘೋಷಣೆ ಆಗಿ ಎರಡು ವರ್ಷದೊಳಗೆ ಅವಾರ್ಡ್ (ಪರಿಹಾರ ಎಷ್ಟು ಅನ್ನೋ ಆದೇಶ) ಆಗ್ಲಿಲ್ಲ ಅಂದ್ರೆ ಇಡೀ ಪ್ರಕ್ರಿಯೆ ಬಿದ್ದು ಹೋಗ್ತಿತ್ತು. 2014ರ ಜನವರಿ 1ರಿಂದ ಬಂದ ಹೊಸ ಕಾಯ್ದೆ, ಅಂದ್ರೆ 2013ರದ್ದು, ಇನ್ನೂ ಬಿಗಿ. ಪ್ರಾಥಮಿಕ ಅಧಿಸೂಚನೆಯಿಂದ ಘೋಷಣೆಗೆ 12 ತಿಂಗಳು, ಘೋಷಣೆಯಿಂದ ಅವಾರ್ಡ್‌ಗೆ 12 ತಿಂಗಳು. ವಿಸ್ತರಣೆಗೆ ಅವಕಾಶ ಇದೆ, ಆದ್ರೆ ಕಾರಣ ಬರೆದು ಕೊಡ್ಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ಮಾಡ್ಬೇಕು, ಖಾಸಗಿ ಕಂಪನಿಗಾದ್ರೆ 80%, ಸರ್ಕಾರಿ-ಖಾಸಗಿ ಸಹಭಾಗಿತ್ವ ಆದ್ರೆ 70% ಜನ ಒಪ್ಬೇಕು, ಹಳ್ಳಿ ಕಡೆ ಮಾರುಕಟ್ಟೆ ಬೆಲೆಗೆ 1ರಿಂದ 2ರವರೆಗೆ ಗುಣಿಸ್ಬೇಕು, ಅದರ ಮೇಲೆ ಅಷ್ಟೇ ಮೊತ್ತ ಸೊಲೇಷಿಯಂ, ಅಂದ್ರೆ ಬಲವಂತವಾಗಿ ತಗೊಂಡಿದ್ದಕ್ಕೆ ಸಮಾಧಾನದ ದುಡ್ಡು. ಓದೋಕೆ ತುಂಬಾ ಚೆನ್ನಾಗಿದೆ.

ಆದ್ರೆ ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ತಗೊಳ್ಳೋದು ಹೆಚ್ಚಾಗಿ ಆ ಕಾಯ್ದೆಯಲ್ಲಿ ಅಲ್ವೇ ಅಲ್ಲ. 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಲ್ಲಿ. ಬೆಂಗಳೂರಲ್ಲಿ ಲೇಔಟು, ರಿಂಗ್ ರೋಡ್ ಆದ್ರೆ 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯಲ್ಲಿ. ಕೆಐಎಡಿಬಿ ಕಾಯ್ದೆಯ 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, 28(4)ರಲ್ಲಿ ಅಂತಿಮ. ಇವೆರಡರ ಮಧ್ಯೆ ಇಷ್ಟೇ ಸಮಯ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಬರ್ದಿಲ್ಲ. ಬಿಡಿಎ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ ಐದು ವರ್ಷ ಅಂತ ಇದೆ, ಅಷ್ಟರಲ್ಲಿ ಯೋಜನೆ ಗಣನೀಯವಾಗಿ ಜಾರಿ ಆಗ್ದಿದ್ರೆ ಸ್ಕೀಮ್ ರದ್ದು. ಗಣನೀಯ ಅಂದ್ರೆ ಎಷ್ಟು? ಅದಕ್ಕೇ ಕೋರ್ಟು, ಅದಕ್ಕೇ ಲಾಯರ್ರು.

ಬಿಡಿಎ ಪೆರಿಫೆರಲ್ ರಿಂಗ್ ರೋಡ್ ತಗೊಳ್ಳಿ. ಪ್ರಾಥಮಿಕ ಅಧಿಸೂಚನೆ 2005, ಅಂತಿಮ 2007. ಸುಮಾರು 73 ಕಿಲೋಮೀಟರ್ ರಸ್ತೆ. ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೊಸ ಹೆಸರಿಟ್ಟಿದಾರೆ, ಹೆಸರು ಬದಲಾಯ್ತೇ ಹೊರತು ಗೆರೆ ಒಳಗಿರೋರ ಪರಿಸ್ಥಿತಿ ಬದಲಾಗ್ಲಿಲ್ಲ. ಅವತ್ತು ಹುಟ್ಟಿದ ಮಗು ಈಗ ವೋಟ್ ಹಾಕುತ್ತೆ. ಶಿವರಾಮ ಕಾರಂತ ಬಡಾವಣೆ ಇನ್ನೊಂದು, 17 ಹಳ್ಳಿಗಳ 3,546 ಎಕರೆ 12 ಗುಂಟೆ, ಪ್ರಾಥಮಿಕ ಅಧಿಸೂಚನೆ 2008ರ ಡಿಸೆಂಬರಲ್ಲಿ, ಹೈಕೋರ್ಟಲ್ಲಿ ಬಿದ್ದುಹೋಗಿ, ಆಮೇಲೆ ಸುಪ್ರೀಂ ಕೋರ್ಟು 2018ರ ಆಗಸ್ಟಲ್ಲಿ ಮುಂದುವರಿಸಿ ಅಂದು, ಅಂತಿಮ ಅಧಿಸೂಚನೆ 2018ರ ಅಕ್ಟೋಬರಲ್ಲಿ ಬಂತು. ಮಧ್ಯದಲ್ಲಿ ಹತ್ತು ವರ್ಷ. ಹತ್ತು ವರ್ಷ ಬೆಂಗಳೂರು ಪಕ್ಕದ ಹಳ್ಳಿ ಖಾಲಿ ಇರುತ್ತಾ? ಸೈಟ್ ಆಯ್ತು, ಮನೆ ಆಯ್ತು, ಸಾಲ ಸೋಲ ಮಾಡಿ ಗೃಹಪ್ರವೇಶ ಮಾಡಿದ್ರು. ಆಮೇಲೆ ಯಾವ ಮನೆ ಉಳಿಸ್ಬೇಕು ಯಾವುದು ಬೇಡ ಅಂತ ನೋಡೋಕೆ ನಿವೃತ್ತ ನ್ಯಾಯಮೂರ್ತಿ ನೇತೃತ್ವದಲ್ಲಿ ಒಂದು ಸಮಿತಿನೇ ಬೇಕಾಯ್ತು. ಗೊತ್ತಿದ್ದೂ ಕಟ್ಟಿದ್ರಲ್ಲ ಅಂತ ಕೆಲವರು ಅಂತಾರೆ. ಕೆಲವರಿಗೆ ಗೊತ್ತಿತ್ತು, ನಿಜ. ಆದ್ರೆ ಸೈಟ್ ಮಾರಿದೋನಿಗೆ ಗೊತ್ತಿದ್ದಷ್ಟು ಕೊಂಡೋನಿಗೆ ಗೊತ್ತಿರಲ್ಲ, ಇದು ನಾನು ಬೆಂಗಳೂರಲ್ಲಿ ಕಲ್ತಿದ್ದು.

ಉತ್ತರ ಕರ್ನಾಟಕದ ಕಡೆ ಇದು ಇನ್ನೂ ದೊಡ್ಡ ಮಟ್ಟದಲ್ಲಿದೆ. ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಸೋದು 519.60 ಮೀಟರ್‌ವರೆಗೆ, ಅದನ್ನ 524.256 ಮೀಟರ್‌ಗೆ ಏರಿಸೋಕೆ ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಆದ್ರೆ ಕೇಂದ್ರದ ಗೆಜೆಟ್ ಅಧಿಸೂಚನೆ ಆಗಿಲ್ಲ. ಏರಿಸಿದ್ರೆ ಇನ್ನೂ 75 ಸಾವಿರ ಎಕರೆಗಿಂತ ಜಾಸ್ತಿ ಮುಳುಗುತ್ತೆ. 2025ರ ಸೆಪ್ಟೆಂಬರಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ನೀರಾವರಿ ಆದ್ರೆ ಎಕರೆಗೆ 40 ಲಕ್ಷ, ಒಣಭೂಮಿ ಆದ್ರೆ 30 ಲಕ್ಷ ಅಂತ ನಿಗದಿ ಮಾಡ್ತು. ದರ ಒಳ್ಳೇದೇ. ಆದ್ರೆ 2010ರಿಂದ 2025ರವರೆಗೆ ಬಾಗಲಕೋಟೆ, ವಿಜಯಪುರ ಕಡೆ ಆ ಗೆರೆ ಒಳಗಿದ್ದ ಹಳ್ಳಿಯೋರು ಏನ್ ಮಾಡ್ಬೇಕಿತ್ತು? ಮುಳುಗೋ ಊರಿಗೆ ಹೊಸ ರಸ್ತೆ ಯಾಕೆ, ಮುಳುಗೋ ಊರಲ್ಲಿ ಮನೆ ಮೇಲೆ ಮನೆ ಯಾಕೆ ಅನ್ನೋ ಮಾತು ಕೇಳ್ಕೊಂಡೇ ಹದಿನೈದು ವರ್ಷ. ಅದರಲ್ಲಿ ಕೆಲವರ ಅಪ್ಪ ಅಮ್ಮಂದಿರು ಮೊದಲನೇ ಸಲ ಮುಳುಗಡೆ ಆದಾಗ ಎದ್ದು ಬಂದೋರು.

ಈ ಕಾಯಿಸೋ ಆಟದಲ್ಲಿ ದುಡ್ಡಿನ ಲೆಕ್ಕ ಹೆಂಗೆ ಕೆಲಸ ಮಾಡುತ್ತೆ ಅಂತ ಹೇಳ್ಬೇಕು. ಪರಿಹಾರಕ್ಕೆ ನೋಡೋದು ಸಾಮಾನ್ಯವಾಗಿ ಪ್ರಾಥಮಿಕ ಅಧಿಸೂಚನೆ ದಿನ ಇದ್ದ ಬೆಲೆ. ಅಂದ್ರೆ ಸರ್ಕಾರ ತಡ ಮಾಡಿದಷ್ಟೂ ಬೆಲೆ ಹಳೇದಾಗ್ತಾ ಹೋಗುತ್ತೆ, ಬಡ್ಡಿ ಅಂತ ಒಂದಷ್ಟು ಸೇರಿಸ್ತಾರೆ ಆದ್ರೆ ಬೆಂಗಳೂರು ಸುತ್ತ ಜಮೀನಿನ ಬೆಲೆ ಓಡಿದಂಗೆ ಯಾವ ಬಡ್ಡಿ ಓಡುತ್ತೆ ಹೇಳಿ. ಅದರಲ್ಲೂ ಆ ಬೆಲೆ ಕಟ್ಟೋದು ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ನಿಗದಿ ಮಾಡೋ ಬೆಲೆ), ಸುತ್ತಮುತ್ತ ರಿಜಿಸ್ಟರ್ ಆದ ಕ್ರಯಪತ್ರ ನೋಡಿ. ನಮ್ಮ ಕಡೆ ಕ್ರಯಪತ್ರದಲ್ಲಿ ಪೂರ್ತಿ ಬೆಲೆ ಬರೆಯೋರು ಯಾರು, ಸ್ಟಾಂಪ್ ಡ್ಯೂಟಿ ಉಳಿಸೋಕೆ ಕಾಲು ಭಾಗ ಬರೀತಾರೆ, ಉಳಿದಿದ್ದು ಕ್ಯಾಶು. ಅವರು ಉಳಿಸಿದ ಸ್ಟಾಂಪ್ ಡ್ಯೂಟಿ ನಮ್ಮ ಪರಿಹಾರದಲ್ಲಿ ಕಟ್ ಆಗುತ್ತೆ. ಇದರಲ್ಲಿ ಸರ್ಕಾರದ್ದಷ್ಟೇ ಅಲ್ಲ ನಮ್ಮೂರಿನೋರದ್ದೂ ಪಾಲಿದೆ, ಯಾರೂ ಒಪ್ಕೊಳ್ಳಲ್ಲ ಅಷ್ಟೇ.

ಈ ತಾರೀಖಿನ ವಿಷಯದಲ್ಲಿ 2025ರ ಜನವರಿ 2ಕ್ಕೆ ಸುಪ್ರೀಂ ಕೋರ್ಟಿಂದ ಒಂದು ತೀರ್ಪು ಬಂತು, ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆದು. ಕೇಸ್ ಹಾಕಿದ್ದೋರು ಗೊಟ್ಟಿಗೆರೆ ಹತ್ರ 1995-97ರ ಹೊತ್ತಲ್ಲಿ ಸೈಟ್ ತಗೊಂಡಿದ್ದ ಜನ. 2003ರ ಜನವರೀಲಿ ಕೆಐಎಡಿಬಿ ಅಧಿಸೂಚನೆ ಆಯ್ತು, 2005ರಲ್ಲಿ ಜಾಗ ತಗೊಂಡ್ರು, ಪರಿಹಾರದ ಅವಾರ್ಡ್ ಮಾತ್ರ ಇಲ್ಲ. ಅವಾರ್ಡ್ ಆಗಿದ್ದು 2019ರ ಏಪ್ರಿಲ್ 22ಕ್ಕೆ, ಅದೂ ನ್ಯಾಯಾಂಗ ನಿಂದನೆ ಕೇಸ್ ಹಾಕಿದ್ಮೇಲೆ, ಅದರಲ್ಲೂ 2011ರ ಗೈಡೆನ್ಸ್ ವ್ಯಾಲ್ಯೂ ಹಿಡ್ಕೊಂಡು. ಸುಪ್ರೀಂ ಕೋರ್ಟು ಹೇಳಿದ್ದು, 2003ರ ಬೆಲೆಗೆ ಈಗ ಪರಿಹಾರ ಕೊಟ್ರೆ ಅದು ನ್ಯಾಯದ ಅಣಕ ಆಗುತ್ತೆ, 2019ರ ಏಪ್ರಿಲ್ 22ಕ್ಕೆ ಇದ್ದ ಮಾರುಕಟ್ಟೆ ಬೆಲೆ ಹಿಡಿದು ಹೊಸ ಅವಾರ್ಡ್ ಮಾಡಿ ಅಂತ. ಅದಕ್ಕೆ ಸಂವಿಧಾನದ 142ನೇ ವಿಧಿಯ, ಪೂರ್ಣ ನ್ಯಾಯಕ್ಕೆ ಬೇಕಾದ ಆದೇಶ ಕೊಡೋ ವಿಶೇಷ ಅಧಿಕಾರ ಬಳಸ್ಬೇಕಾಯ್ತು. ಓದಿ ಖುಷಿ ಆಯ್ತು. ಆದ್ರೆ ಒಬ್ಬ ಮನುಷ್ಯ ತನ್ನ ಸೈಟಿನ ದುಡ್ಡಿಗೆ ದೆಹಲಿವರೆಗೆ ಹೋಗಿ 142ನೇ ವಿಧಿ ತಟ್ಟಿ ಎಬ್ಬಿಸ್ಬೇಕು ಅಂದ್ರೆ, ನಮ್ಮಪ್ಪನಂಥೋರು ಎಲ್ಲಿಗೆ ಹೋಗೋದು, ತಾಲೂಕು ಆಫೀಸಿಗೆ ಹೋಗೋದಕ್ಕೇ ಒಂದಿನ ಕೂಲಿ ಕಳ್ಕೊಳ್ಳೋರು.

ಆಸ್ತಿ ಹಕ್ಕು ಮೂಲಭೂತ ಹಕ್ಕಲ್ಲ ಅಂತ ಎಲ್ಲರಿಗೂ ಗೊತ್ತು, 1978ರ 44ನೇ ತಿದ್ದುಪಡೀಲಿ ಅದನ್ನ ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಹಾಕಿದ್ರು. ಕಾನೂನಿನ ಪ್ರಕಾರ ಅಲ್ಲದೆ ಯಾರ ಆಸ್ತಿನೂ ಕಿತ್ಕೋಬಾರ್ದು, ಅಷ್ಟೇ ಅದು ಹೇಳೋದು. ಆ ಒಂದು ಸಾಲಿನ ಒಳಗೆ ಏನೇನಿದೆ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟು ಕೋಲ್ಕತ್ತ ಮಹಾನಗರ ಪಾಲಿಕೆ ಕೇಸಲ್ಲಿ ಬಿಡಿಸಿ ಹೇಳ್ತು, ಏಳು ಹಕ್ಕು ಅಂತ. ನೋಟಿಸ್ ಕೊಡ್ಬೇಕು, ಆಕ್ಷೇಪಣೆ ಕೇಳ್ಬೇಕು, ಕಾರಣ ಕೊಟ್ಟು ತೀರ್ಮಾನ ಹೇಳ್ಬೇಕು, ಸಾರ್ವಜನಿಕ ಉದ್ದೇಶ ಇರ್ಬೇಕು, ನ್ಯಾಯವಾದ ಪರಿಹಾರ ಕೊಡ್ಬೇಕು ಅಂತ ಐದು, ಇವು ಎಲ್ಲರಿಗೂ ಗೊತ್ತಿರೋವೇ. ನನಗೆ ಕಣ್ಣಿಗೆ ಬಿದ್ದಿದ್ದು ಕೊನೇ ಎರಡು. ಪ್ರಕ್ರಿಯೆ ಬೇಗ, ಹೇಳಿದ ಸಮಯಕ್ಕೆ ನಡೀಬೇಕು ಅನ್ನೋದು ಆರನೇದು, ಶುರು ಮಾಡಿದ್ದು ಒಂದು ಕೊನೆ ಮುಟ್ಬೇಕು ಅನ್ನೋದು ಏಳನೇದು. ನಾನು ಇಷ್ಟು ಹೊತ್ತಿಂದ ಒದ್ದಾಡ್ಕೊಂಡು ಹೇಳ್ತಿರೋದು ಇದನ್ನೇ. ಕೆಐಎಡಿಬಿ, ಬಿಡಿಎ ಕಾಯ್ದೆಗಳಿಗೆ ಗಡುವು ಹಾಕೋಕೆ ಸಂವಿಧಾನ ತಿದ್ದಬೇಕಾಗಿಲ್ಲ, ವಿಧಾನಸೌಧದಲ್ಲಿ ಒಂದು ತಿದ್ದುಪಡಿ ಸಾಕು. ಒಂದು ವರ್ಷದಲ್ಲಿ ಅಂತಿಮ ಅಧಿಸೂಚನೆ ಆಗ್ಲಿಲ್ಲ ಅಂದ್ರೆ 11ನೇ ಕಾಲಂ ತಾನಾಗೇ ಖಾಲಿ ಆಗ್ಬೇಕು, ಯಾರೂ ಅರ್ಜಿ ಹಿಡ್ಕೊಂಡು ಅಲೀಬಾರ್ದು. ಈಗೆಲ್ಲಾ ಕಂಪ್ಯೂಟರಲ್ಲೇ ಇದೆಯಲ್ಲ, ಹಾಕೋಕೆ ಆಗುತ್ತೆ ಅಂದ್ರೆ ತೆಗೆಯೋಕೂ ಆಗುತ್ತೆ.

ಇದು ಆಗದ ಮಾತು ಅನ್ನೋರು ದೇವನಹಳ್ಳಿ ನೋಡಿ. ಚನ್ನರಾಯಪಟ್ಟಣ ಹೋಬಳಿ, 13 ಹಳ್ಳಿ, 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ ಅಂತ 2021ರಲ್ಲಿ ಅಧಿಸೂಚನೆ ಬಂತು. ಏರ್‌ಪೋರ್ಟಿಗೇ ಸುಮಾರು 4,000 ಎಕರೆ ಹೋಗಿದ್ದ ತಾಲೂಕು ಅದು. ದ್ರಾಕ್ಷಿ, ತರಕಾರಿ, ಹೂವು, ರೇಷ್ಮೆ, ಹಾಲು, ಬೆಂಗಳೂರಿನೋರು ಬೆಳಗ್ಗೆ ಎದ್ದು ತಿನ್ನೋದು ಕುಡಿಯೋದು ಎಷ್ಟೋ ಆ ಕಡೆಯಿಂದಾನೇ ಬರೋದು. 2022ರ ಏಪ್ರಿಲ್ 4ಕ್ಕೆ ಧರಣಿ ಕೂತೋರು 1,198 ದಿನ ಕೂತಿದ್ರು. ಕೂತಿದ್ದಾಗ ಇದ್ದ ಸರ್ಕಾರ ಒಂದು, ಎದ್ದಾಗ ಇದ್ದ ಸರ್ಕಾರ ಇನ್ನೊಂದು. ವಿರೋಧ ಪಕ್ಷದಲ್ಲಿದ್ದಾಗ ಬಂದು ಬೆಂಬಲ ಕೊಟ್ಟೋರು ಅಧಿಕಾರಕ್ಕೆ ಬಂದ್ಮೇಲೆ ಎರಡು ವರ್ಷ ಏನೂ ಹೇಳ್ಲಿಲ್ಲ, ಆಮೇಲೆ ಮೂರು ಹಳ್ಳಿ ಬಿಡ್ತೀವಿ, 495 ಎಕರೆ ಬಿಡ್ತೀವಿ ಅಂದ್ರು. ಅವತ್ತು ಆ ಮೂರು ಹಳ್ಳಿಯೋರು ನಮ್ದು ಉಳೀತು ಅಂತ ಮನೆಗೆ ಹೋಗಿದ್ದಿದ್ರೆ ಅಲ್ಲಿಗೆ ಮುಗೀತಿತ್ತು. ಭೂಸ್ವಾಧೀನದಲ್ಲಿ ಒಡೆಯೋದು ಹಿಂಗೇನೇ, ಹಳ್ಳಿ ಹಳ್ಳಿ ಮಧ್ಯೆ, ಆಮೇಲೆ ಒಂದೇ ಹಳ್ಳಿ ಒಳಗೆ ಒಪ್ಪಿದೋರು ಒಪ್ಪದೋರು ಅಂತ. ಅವರು ಹೋಗ್ಲಿಲ್ಲ. 2025ರ ಜೂನ್ 25ರ ದೇವನಹಳ್ಳಿ ಚಲೋದಲ್ಲಿ ಪೊಲೀಸರು ಎತ್ತಾಕಿದ್ರು, ಅಲ್ಲಿಂದ ಫ್ರೀಡಂ ಪಾರ್ಕಿಗೆ ಬಂದ್ರು, ದಲಿತ, ಕಾರ್ಮಿಕ, ಮಹಿಳಾ ಸಂಘಟನೆಗಳೋರು, ಸಾಹಿತಿಗಳು, ನಟ ಪ್ರಕಾಶ್ ರಾಜ್ ಎಲ್ಲಾ ಜೊತೆಗೆ ನಿಂತ್ರು. ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ 1,777 ಎಕರೆ ಸ್ವಾಧೀನ ಪೂರ್ತಿ ಕೈಬಿಡ್ತೀವಿ ಅಂದ್ರು, ತಾವಾಗೇ ಕೊಡೋ ಮನಸ್ಸಿರೋರು ಹೆಚ್ಚಿನ ಬೆಲೆಗೆ ಕೊಡಬಹುದು ಅಂತಾನೂ ಸೇರಿಸಿದ್ರು. ಅಷ್ಟರಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ಏರೋಸ್ಪೇಸ್ ಕಂಪನಿಗಳಿಗೆ ನಮ್ಮಲ್ಲಿಗೆ ಬನ್ನಿ ಅಂತ ಟ್ವೀಟ್ ಮಾಡಿ, ಇಲ್ಲಿ ಒಂದಷ್ಟು ಜನ "ರೈತರಿಂದ ಕೈಗಾರಿಕೆ ಹೋಯ್ತು" ಅಂತ ಅತ್ರು.

ನಾನು ಕೈಗಾರಿಕೆ ಬೇಡ ಅನ್ನೋಳಲ್ಲ. ನಾನೇ ಒಂದು ಕಂಪನೀಲಿ ಕೆಲ್ಸ ಮಾಡ್ತೀನಿ, ಆ ಕಂಪನಿ ನಿಂತಿರೋ ಜಾಗ ಯಾವನದೋ ರಾಗಿ ಹೊಲ ಆಗಿತ್ತು. ಮೆಟ್ರೋಲಿ ಓಡಾಡ್ತೀನಿ, ಅದಕ್ಕೂ ಯಾರದೋ ಅಂಗಡಿ ಒಡೆದಿದಾರೆ. ದೇವನಹಳ್ಳಿ ಏರ್‌ಪೋರ್ಟಲ್ಲಿ ಫ್ಲೈಟ್ ಹತ್ತೀನಿ. ಹಂಗಾಗಿ ಒಂದಿಂಚೂ ಕೊಡಲ್ಲ ಅಂತ ನಾನು ಘೋಷಣೆ ಕೂಗಿದ್ರೆ ಅದು ನಾಟಕ ಆಗುತ್ತೆ. ತಗೊಳ್ಳೋದಾದ್ರೆ ಬೇಗ ತಗೊಂಡು ಇವತ್ತಿನ ಬೆಲೆ ಕೊಡಿ, ಬೇಡ ಅಂದ್ರೆ ಬಿಟ್ಬಿಡಿ ಅನ್ನೋದಷ್ಟೇ ನನ್ನ ಮಾತು. ದೇವನಹಳ್ಳಿಯೋರು ಗೆದ್ರು ನಿಜ, ಆದ್ರೆ ಆ ಗೆಲುವಿಗೆ ಮೂರು ವರ್ಷಕ್ಕಿಂತ ಜಾಸ್ತಿ ದಿನ ರಸ್ತೆ ಪಕ್ಕ ಕೂತಿದ್ದು, ಕೇಸ್ ಹಾಕಿಸ್ಕೊಂಡಿದ್ದು, ಹೊಲ ಬಿಟ್ಟು ಅಲೆದಿದ್ದು, ಅದರ ಬಿಲ್ ಯಾರಿಗೆ ಕಳಿಸೋದು. ನಮ್ಮೂರಲ್ಲಿ ಹಂಗೆ ಕೂರೋರೂ ಇಲ್ಲ, ಹುಡುಗ್ರೆಲ್ಲ ಪೀಣ್ಯಕ್ಕೋ ಡೆಲಿವರಿ ಕೆಲ್ಸಕ್ಕೋ ಬಂದುಬಿಟ್ಟಿದಾರೆ.

ಇನ್ನೊಂದು ವಿಷಯ ಹೇಳದೆ ಇದ್ರೆ ಸರಿಹೋಗಲ್ಲ. ಜಮೀನು ಅಧಿಸೂಚನೇಲಿದೆ ಅಂತ ಗೊತ್ತಾದ್ಮೇಲೆ ನಮ್ಮನೇಲಿ ಮೊದಲನೇ ಸಲ ಹೆಣ್ಮಕ್ಕಳ ನೆನಪಾಯ್ತು. ಪರಿಹಾರಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷ ಅಂದ್ರೆ ಅತ್ತೆಯಂದಿರ ಹೆಸರೂ ಬರುತ್ತೆ, ನನ್ನ ಹೆಸರೂ ಬರುತ್ತೆ, ಎಲ್ಲರ ಸಹಿ ಬೇಕು. ಅಲ್ಲಿವರೆಗೆ ಹಬ್ಬಕ್ಕೆ ಸೀರೆ ಕೊಟ್ರೆ ಮುಗೀತು ಅಂದ್ಕೊಂಡಿದ್ದೋರು "ಒಂದು ಸಹಿ ಹಾಕಿ ಹೋಗವ್ವ" ಅಂತ ಫೋನ್ ಮಾಡೋಕೆ ಶುರು ಮಾಡಿದ್ರು. ನಮ್ಮ ಚಿಕ್ಕತ್ತೆ ಕಾಫಿ ಲೋಟ ಕೆಳಗಿಟ್ಟು, "ಸಹಿ ಹಾಕ್ತೀನಿ ಅಣ್ಣಯ್ಯ, ಆದ್ರೆ ನನ್ ಪಾಲು ಎಷ್ಟು ಅಂತ ಅದೇ ಪೇಪರಲ್ಲಿ ಬರ್ದಿರ್ಲಿ" ಅಂದ್ಬಿಟ್ರು. ಅಪ್ಪಂಗೆ ಮುಖ ಚಿಕ್ಕದಾಯ್ತು. ಚಿಕ್ಕತ್ತೆ ಹೇಳಿದ್ದು ಸರಿಯಾಗೇ ಇತ್ತು ಅಂತ ನಾನು ಅವತ್ತೇ ಹೇಳಿದೆ, ಈಗ್ಲೂ ಹೇಳ್ತೀನಿ. ಮನೆಯವರಲ್ಲಿ ತಕರಾರು ಇದ್ರೆ ಪರಿಹಾರದ ದುಡ್ಡನ್ನ ತಗೊಂಡೋಗಿ ಕೋರ್ಟಲ್ಲಿ ಡಿಪಾಸಿಟ್ ಮಾಡ್ತಾರೆ, ಆಮೇಲೆ ಅದನ್ನ ಬಿಡಿಸ್ಕೊಳ್ಳೋಕೆ ಇನ್ನೊಂದಷ್ಟು ವರ್ಷ. ಎಷ್ಟೋ ಮನೆಗಳಲ್ಲಿ ಜಮೀನು ಹೋಗೋಕೆ ಮುಂಚೇನೇ ಅಣ್ಣತಮ್ಮ ಅಕ್ಕತಂಗಿ ಮಾತುಕತೆ ಹೋಗಿರುತ್ತೆ, ಅದಕ್ಕೆ ಯಾವ ಭೂಸ್ವಾಧೀನಾಧಿಕಾರಿನೂ ಜವಾಬ್ದಾರಿ ಅಲ್ಲ ಬಿಡಿ, ನಮ್ಮ ನಮ್ಮ ಬುದ್ಧಿ.

ಈ ವಿಷಯ ಮಾತಾಡ್ದಾಗೆಲ್ಲ "ನಮಗೂ ನೋಟಿಸ್ ಬಂದಿದೆ, ಏನ್ ಮಾಡ್ಲಿ" ಅಂತ ಕೇಳೋರಿದಾರೆ. ನಾನು ಲಾಯರ್ ಅಲ್ಲ, ಆದ್ರೆ ಅಲೆದು ಗೊತ್ತಾಗಿದ್ದನ್ನ ಹೇಳ್ತೀನಿ. ನೋಟಿಸ್‌ಗೆ ಕಾಯ್ಬೇಡಿ, ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಲ್ಲಿ ಆವಾಗಾವಾಗ ನಿಮ್ಮ ಸರ್ವೆ ನಂಬರ್ ಹಾಕಿ 11ನೇ ಕಾಲಂ ನೋಡ್ತಾ ಇರಿ. ಹಿರಿಯರು ತೀರ್ಕೊಂಡಿದ್ರೆ ಮೊದ್ಲು ಪೌತಿ ಖಾತೆ ಮಾಡ್ಸಿ, ಜಗಳ ಇದ್ರೆ ಈಗ್ಲೇ ಆಡಿ ಮುಗಿಸ್ಕೊಳ್ಳಿ. ಕೆಐಎಡಿಬಿ ನೋಟಿಸ್ ಆದ್ರೆ ಆಕ್ಷೇಪಣೆಗೆ 30 ದಿನ, 2013ರ ಕಾಯ್ದೆ ಆದ್ರೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ. ಬಾಯಲ್ಲಿ ಹೇಳಿ ಬರೋದು ಲೆಕ್ಕಕ್ಕಿಲ್ಲ, ಬರವಣಿಗೇಲಿ ಕೊಟ್ಟು ನಿಮ್ಮ ಕಾಪಿ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕ್ಸ್ಕೊಳ್ಳಿ, ಸೀಲ್ ಹಾಕಲ್ಲ ಅಂದ್ರೆ ರಿಜಿಸ್ಟರ್ ಪೋಸ್ಟ್ ಮಾಡಿ. ಜಂಟಿ ಸರ್ವೆಗೆ ಬರ್ತಾರೆ ಅಂದ ದಿನ ಯಾವ ಮದುವೆ ಮುಂಜಿ ಇದ್ರೂ ಜಮೀನಲ್ಲೇ ನಿಂತಿರಿ, ಮರ ಎಣಿಸಿ ಬರೆಸಿ, ಬೋರು, ಪಂಪ್ ಮನೆ, ನೆಲದೊಳಗಿನ ಪೈಪು, ತಂತಿ ಬೇಲಿ ಎಲ್ಲಾ ಮಹಜರಲ್ಲಿ (ಸ್ಥಳದಲ್ಲೇ ಬರೆಯೋ ವರದೀಲಿ) ಬಂದಿದ್ಯಾ ನೋಡಿ ಆಮೇಲೆ ಸಹಿ ಹಾಕಿ. ಖಾಲಿ ಜಾಗ ಬಿಟ್ಟಿರೋ ಪೇಪರಿಗೆ ಮಾತ್ರ, ಎಷ್ಟೇ ಪರಿಚಯದೋರು ಕೇಳಿದ್ರೂ, ಹಾಕ್ಬೇಡಿ.